ಎಸ್ಟೇಟ್ ರೆಸಾರ್ಟಿನ ಊಟ: ಹೋಗಿಬಂದ ಮೇಲೆ ತಿಳಿದದ್ದು

ಕೊಡಗಿನ ದುಬಾರಿ ಎಸ್ಟೇಟ್ ರೆಸಾರ್ಟುಗಳಲ್ಲಿ ಊಟವೆಂದರೆ ಹೆಚ್ಚಾಗಿ ಬಫೆ. ಕೋಣೆಯ ಬಾಡಿಗೆಗೆ ಬೆಳಗಿನ ತಿಂಡಿ ಸೇರಿರುತ್ತದೆ, ಕೆಲವೆಡೆ ಎರಡು ಹೊತ್ತಿನ ಊಟವೂ ಸೇರುತ್ತದೆ. ಯಾವುದು ಸೇರಿದೆ, ಯಾವುದು ಇಲ್ಲ ಎಂಬುದನ್ನು ಬುಕ್ ಮಾಡುವಾಗಲೇ ಕೇಳಿಕೊಳ್ಳಬೇಕು. ಕಾಫಿ ತೋಟದ ನಡುವೆ ಬೇರೆ ಹೋಟೆಲ್ ಹತ್ತಿರದಲ್ಲಿ ಸಿಗುವುದಿಲ್ಲ. ಸಿದ್ದಾಪುರ, ಮಾಲ್ದಾರೆ ಕಡೆ ಕಾಡಾನೆಗಳ ಓಡಾಟವಿರುವುದರಿಂದ ರಾತ್ರಿ ಊಟ ಹುಡುಕಿಕೊಂಡು ಹೊರಡುವುದಂತೂ ಬೇಡವೇ ಬೇಡ.

ಬೆಂಗಳೂರಿನ ಟಿ. ದಾಸರಹಳ್ಳಿಯಿಂದ ಕೊಡಗಿಗೆ ಹೊರಟವರು ತುಮಕೂರು ರಸ್ತೆ ಹಿಡಿದು, ನೆಲಮಂಗಲದಲ್ಲಿ ಕುಣಿಗಲ್ ಕಡೆ ತಿರುಗಿದರೆ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ಹೊರಡುವುದು ತಡವಾದರೆ ಚನ್ನರಾಯಪಟ್ಟಣದ ಆಸುಪಾಸಿನಲ್ಲೇ ಊಟ ಮುಗಿಸುವುದು ಲೇಸು.

ಬಿಲ್ಲಿನ ವಿಚಾರ. ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರಿದ ಹೋಟೆಲುಗಳಲ್ಲಿ ಊಟಕ್ಕೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಊರಿನ ಸಾಮಾನ್ಯ ಹೋಟೆಲಿನಲ್ಲಿ ಶೇ. 5. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು.

ಬಫೆಯಲ್ಲಿಡುವ ಪನೀರ್ ಬಟರ್ ಮಸಾಲ, ನೂಡಲ್ಸ್, ಗುಲಾಬ್ ಜಾಮೂನು ಜಾಲಹಳ್ಳಿ ಕ್ರಾಸಿನಲ್ಲೂ ಸಿಗುತ್ತವೆ. ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಕೊಟ್ಟು ತಿನ್ನಬೇಕಾದದ್ದು ಕೊಡಗಿನ ಮನೆಯಡುಗೆಯನ್ನು. ಅದು ಕೇಳಿ ಮಾಡಿಸಿಕೊಂಡರೇ ಚೆನ್ನ. ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟು ಹಬೆಯಿಂದ ಇಳಿಸಿದಾಗ ಬೆರಳೊತ್ತಿದರೆ ತಗ್ಗುವಷ್ಟು ಮೆತ್ತಗಿರುತ್ತದೆ; ಬಫೆ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಮೇಲ್ಪದರ ಒಣಗಿ ಗಟ್ಟಿಯಾಗುತ್ತದೆ. ಅಕ್ಕಿ ಶಾವಿಗೆಯಾದ ನೂಪುಟ್ಟಿನ ಪಾಡೂ ಇದೇ. ಹಂದಿಮಾಂಸದ ಪಂದಿ ಕರಿ ಮಾತ್ರ ಕಾದಷ್ಟೂ ರುಚಿ. ಅದರ ಕಪ್ಪು ಬಣ್ಣಕ್ಕೂ ಹುಳಿಗೂ ಕಾರಣ ಕಾಚಂಪುಳಿ: ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಕಪ್ಪಾಗಿ ಮಂದವಾಗುವವರೆಗೆ ಕಾಯಿಸಿದ್ದು. ಒಂದೆರಡು ಚಮಚ ಸಾಕು. ಅದಿಲ್ಲದೆ ನಿಂಬೆಹಣ್ಣು ಹಿಂಡಿದ್ದನ್ನು ಪಂದಿ ಕರಿ ಎನ್ನಲಾಗದು.

ಮಾಂಸ ತಿನ್ನದವರು ಮಳೆಗಾಲದಲ್ಲಿ ಹೋಗುವುದೇ ಸರಿ. ಎಳೆ ಬಿದಿರಿನ ಬೈಂಬಳೆ, ಕಾಡಣಬೆಯ ಕುಮ್ಮು ಕರಿ ಆಗಷ್ಟೇ ಸಿಗುತ್ತವೆ. ಆಗಸ್ಟ್ 3ರ ಆಸುಪಾಸಿಗೆ, ಕಕ್ಕಡ ಮಾಸದ 18ನೇ ದಿನ, ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ತಿಂದ ಮೇಲೆ ಮೂತ್ರದ ಬಣ್ಣ ಕೆಂಪಗಾಗುತ್ತದೆ. ಗಾಬರಿ ಬೇಡ, ಅದು ಸೊಪ್ಪಿನ ಬಣ್ಣ.

ತೋಟದ ಬೆಳೆಯನ್ನೂ ಬಡಿಸಬೇಕೆಂಬ ನಿಯಮ ಬೇರೆಡೆ ಇದೆ: ಇಟಲಿಯಲ್ಲಿ ತೋಟದ ಮನೆ ಪ್ರವಾಸಕ್ಕೆ 1985ರಲ್ಲೇ ಕಾನೂನಾಯಿತು. ಅಂಥ ಮನೆಗಳು ಬಡಿಸುವುದರಲ್ಲಿ ಒಂದು ಪಾಲು ತಮ್ಮ ಜಮೀನಿನದೇ ಆಗಿರಬೇಕು. ನಮ್ಮ ರೆಸಾರ್ಟುಗಳಿಗೆ ಅಂಥ ಕಟ್ಟುಪಾಡಿಲ್ಲ, ಊರಿನ ಅಡುಗೆ ಕೇಳಿದವರಿಗಷ್ಟೇ ಸಿಗುತ್ತದೆ. ಬುಕ್ ಮಾಡುವ ಫೋನಿನಲ್ಲೇ, ರಾತ್ರಿಯೂಟಕ್ಕೆ ಬಿಸಿ ಕಡಂಬುಟ್ಟು ಬೇಕೆಂದು ಹೇಳಿಬಿಡಿ.