ವಾಷಿಂಗ್ಟನ್ ಒಪ್ಪಂದ: ಗಡಿಯಾಚೆ ಎಂಜಿನಿಯರಿಂಗ್ ಪದವಿಯ ಮಾನ್ಯತೆ

• ಸಹಿ: 1989. ಸ್ಥಾಪಕ ದೇಶಗಳು 6: ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್.

• ಸಹಿ ಹಾಕುವುದು ಸರ್ಕಾರಗಳಲ್ಲ, ಕೋರ್ಸ್‌ಗಳಿಗೆ ಮಾನ್ಯತೆ ನೀಡುವ ಸಂಸ್ಥೆಗಳು. ಪರೀಕ್ಷೆಯಲ್ಲಿ ಈ ಹೇಳಿಕೆಯನ್ನು ತಿರುಚಿ ಕೇಳುವ ಸಾಧ್ಯತೆ ಹೆಚ್ಚು.

• ಭಾರತದ ಪರ: ರಾಷ್ಟ್ರೀಯ ಮಾನ್ಯತಾ ಮಂಡಳಿ (ಎನ್‌ಬಿಎ). 2007ರಲ್ಲಿ ತಾತ್ಕಾಲಿಕ ಸದಸ್ಯತ್ವ; 2014ರ ಜೂನ್ 13ರಂದು ಪೂರ್ಣ ಸದಸ್ಯತ್ವ. ಎರಡೂ ವರ್ಷ ನೆನಪಿರಲಿ.

• ಇದೇ ಸಾಲಿನ ಇನ್ನೆರಡು:
– ಸಿಡ್ನಿ ಒಪ್ಪಂದ, 2001: ಎಂಜಿನಿಯರಿಂಗ್ ಟೆಕ್ನಾಲಜಿಸ್ಟ್‌ಗಳು
– ಡಬ್ಲಿನ್ ಒಪ್ಪಂದ, 2002: ಟೆಕ್ನಿಷಿಯನ್‌ಗಳು

ಗೊಂದಲದ ಅಂಶಗಳು

1. ಎನ್‌ಬಿಎ ಮಾನ್ಯತೆ ಕೋರ್ಸ್‌ಗೆ, ನ್ಯಾಕ್ (ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು) ಮಾನ್ಯತೆ ಇಡೀ ಸಂಸ್ಥೆಗೆ. ನ್ಯಾಕ್ ಕೇಂದ್ರ ಕಚೇರಿ ಬೆಂಗಳೂರು, ಎನ್‌ಬಿಎ ನವದೆಹಲಿ.

2. ಎನ್‌ಬಿಎ ಮಾನ್ಯತೆ ಇದ್ದ ಮಾತ್ರಕ್ಕೆ ಒಪ್ಪಂದ ಅನ್ವಯಿಸದು. ಟಯರ್-1 ಕೋರ್ಸ್‌ಗಳಿಗೆ, ಅಂದರೆ ಸ್ವಾಯತ್ತ ಕಾಲೇಜು ಹಾಗೂ ವಿಶ್ವವಿದ್ಯಾಲಯ ವಿಭಾಗಗಳ ಕೋರ್ಸ್‌ಗಳಿಗೆ ಮಾತ್ರ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಅಧೀನದ ಸ್ವಾಯತ್ತವಲ್ಲದ ಕಾಲೇಜಿನ ಕೋರ್ಸ್ ಟಯರ್-2. ಅದಕ್ಕೆ ಈ ಸೌಲಭ್ಯವಿಲ್ಲ. ಸೀಟು ಆರಿಸುವ ಮೊದಲೇ ವಿದ್ಯಾರ್ಥಿಗಳಿಗೆ ಇದು ತಿಳಿದಿರಬೇಕು.

3. ಪದವಿ ಸಮಾನವೆಂದು ಒಪ್ಪುವುದು ಬೇರೆ, ವೃತ್ತಿ ಪರವಾನಗಿ ಬೇರೆ. ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯದ ಮಂಡಳಿ; ಸಾಮಾನ್ಯ ಹಾದಿ: ಎಫ್‌ಇ (ಫಂಡಮೆಂಟಲ್ಸ್ ಆಫ್ ಎಂಜಿನಿಯರಿಂಗ್) ಪರೀಕ್ಷೆ, ಕೆಲಸದ ಅನುಭವ, ಪಿಇ (ಪ್ರಿನ್ಸಿಪಲ್ಸ್ ಅಂಡ್ ಪ್ರಾಕ್ಟೀಸ್ ಆಫ್ ಎಂಜಿನಿಯರಿಂಗ್) ಪರೀಕ್ಷೆ. ಒಪ್ಪಂದದಿಂದ ವೀಸಾ ಅಥವಾ ಉದ್ಯೋಗದ ಹಕ್ಕು ಬರುವುದಿಲ್ಲ.

4. ಅನುಭವಿ ಎಂಜಿನಿಯರ್‌ಗಳ ಮಾನ್ಯತೆಗೆ ಐಪಿಇಎ (ಇಂಟರ್‌ನ್ಯಾಷನಲ್ ಪ್ರೊಫೆಷನಲ್ ಎಂಜಿನಿಯರ್ಸ್ ಅಗ್ರಿಮೆಂಟ್) ಎಂಬ ಪ್ರತ್ಯೇಕ ಒಪ್ಪಂದವಿದೆ. ಅಲ್ಲಿ ಭಾರತದ ಪ್ರತಿನಿಧಿ ಎನ್‌ಬಿಎ ಅಲ್ಲ; 1920ರಲ್ಲಿ ಸ್ಥಾಪನೆಯಾದ, ಕೋಲ್ಕತ್ತದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ (ಇಂಡಿಯಾ).