ತೆಳು ಮೆಟ್ಟಿಲು ಮಸೂರ: ಬೀದಿದೀಪಕ್ಕೂ ಪಹಣಿಯ ಓದಿಗೂ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ)



ಪಂಚಾಯತಿಯು ಖರೀದಿಸುವ ಸಾಮಗ್ರಿಗಳಲ್ಲಿ ಕೆಲವು ಭಾಗಗಳು ಮೇಲ್ನೋಟಕ್ಕೆ ಕೇವಲ ಪ್ಲಾಸ್ಟಿಕ್ ಹೊದಿಕೆಯಂತೆ ಕಾಣುತ್ತವೆ. ಚಲನೆಯನ್ನು ಗುರುತಿಸಿ ಬೆಳಗುವ ಸೌರ ದೀಪದ ಕೆಳಗೆ ಉಬ್ಬಿಕೊಂಡಿರುವ ಹಾಲುಬಿಳುಪಿನ ಬುರುಡೆ ಅಂತಹುದೊಂದು. ವಾಸ್ತವವಾಗಿ ಅದು ಹೊದಿಕೆಯಲ್ಲ, ಮಸೂರ. ಕಂಬಕ್ಕೆ ಬಣ್ಣ ಬಳಿಯುವವರು ಅದಕ್ಕೂ ಒಂದು ಕೈ ಬಳಿದುಬಿಟ್ಟರೆ ದೀಪವು ಕೆಡದಿದ್ದರೂ ಅದರ ಕಣ್ಣು ಕುರುಡಾಗುತ್ತದೆ.

ಮಸೂರವು ಬೆಳಕನ್ನು ಬಾಗಿಸುವುದು ತನ್ನ ಮೇಲ್ಮೈಗಳಲ್ಲಿ ಮಾತ್ರ. ನಡುವಿನ ಗಾಜಿನೊಳಗೆ ಕಿರಣವು ನೇರವಾಗಿಯೇ ಸಾಗುತ್ತದೆ. ಹಾಗಿದ್ದ ಮೇಲೆ ಆ ದಪ್ಪ ಗಾಜು ಏಕೆ ಬೇಕು? ಈ ಪ್ರಶ್ನೆಯೇ ಮೆಟ್ಟಿಲು ಮಸೂರದ ಮೂಲ. ಉಬ್ಬಿದ ಮೇಲ್ಮೈಯನ್ನು ಕಿರಿದಾದ ಉಂಗುರಗಳಾಗಿ ವಿಭಾಗಿಸಿ, ಪ್ರತಿ ಉಂಗುರದ ಇಳಿಜಾರನ್ನು ಉಳಿಸಿಕೊಂಡು, ಅಡಿಯ ಗಾಜನ್ನು ತೆಗೆದುಹಾಕಿದರೆ ಹಾಳೆಯಷ್ಟು ತೆಳುವಾದ ಮಸೂರ ದೊರೆಯುತ್ತದೆ. ಎದುರಿನಿಂದ ನೋಡಿದರೆ ಹಿನ್ನೀರಿಗೆ ಕಲ್ಲೆಸೆದಾಗ ಏಳುವ ಅಲೆಗಳಂತೆ ಒಂದರೊಳಗೊಂದು ವರ್ತುಲ, ಪಕ್ಕದಿಂದ ನೋಡಿದರೆ ಗರಗಸದ ಹಲ್ಲು. ಮೆಟ್ಟಿಲು ಎಂದಾಕ್ಷಣ ನಮಗೆ ಗುಡ್ಡದ ಓರೆಯ ಗದ್ದೆಗಳು ನೆನಪಾಗುವುದು ಸಹಜ. ಆದರೆ ಗದ್ದೆಯಲ್ಲಿ ಇಳಿಜಾರನ್ನು ಕಡಿದು ಮಟ್ಟ ಮಾಡುತ್ತೇವೆ, ಇಲ್ಲಿ ಇಳಿಜಾರನ್ನುಳಿಸಿ ದಪ್ಪವನ್ನು ಕಡಿಯುತ್ತಾರೆ. ಹಲವು ಮೊಬೈಲುಗಳ ಹಿಂಬದಿಯ ಟಾರ್ಚಿನ ಮೇಲೆ ಇದೇ ವರ್ತುಲಗಳನ್ನು ಸದಸ್ಯರು ಕಣ್ಣಾರೆ ನೋಡಬಹುದು.

ಇದನ್ನು ಬಳಕೆಗೆ ತಂದವರು ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ (1788–1827). ಇವರ ಹೆಸರಿನಿಂದಲೇ ಇದಕ್ಕೆ ಫ್ರೆನೆಲ್ ಮಸೂರವೆಂದು ಹೆಸರು. ಅಂಗಡಿಯ ಪಟ್ಟಿಗಳಲ್ಲಿ ‘ಫ್ರೆಸ್ನೆಲ್’ ಎಂದಿದ್ದರೂ ವಸ್ತು ಅದೇ. ಅವರು ವೃತ್ತಿಯಿಂದ ಸರ್ಕಾರಿ ರಸ್ತೆ ಮತ್ತು ಸೇತುವೆ ಇಲಾಖೆಯ ಇಂಜಿನಿಯರ್ ಆಗಿದ್ದರೆಂಬುದು ನಮ್ಮ ಓದುಗರಿಗೆ ಕುತೂಹಲಕರವೆನಿಸೀತು. 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಅವರ ಮಸೂರವು ಮೊದಲು ಬೆಳಗಿತು. ಎಣ್ಣೆದೀಪದಿಂದ ಎಲ್ಲ ದಿಕ್ಕಿಗೂ ಚೆದುರಿ ವ್ಯರ್ಥವಾಗುತ್ತಿದ್ದ ಬೆಳಕನ್ನು ಒಂದು ಕಂತೆಯಾಗಿ ಸಮುದ್ರದತ್ತ ಕಳುಹಿಸಲು ಇದರಿಂದ ಸಾಧ್ಯವಾಯಿತು. ಮುಂದೆ ಜಗತ್ತಿನ ದೀಪಸ್ತಂಭಗಳೆಲ್ಲ ಈ ಮಾರ್ಗವನ್ನೇ ಅನುಸರಿಸಿದವು. ನಮ್ಮ ಕರಾವಳಿಯಲ್ಲಿ 1901ರಲ್ಲಿ ಸ್ಥಾಪಿತವಾದ ಕಾಪು ದೀಪಸ್ತಂಭವೂ ಆ ಯುಗದ್ದೇ.

ಇನ್ನು ನಮ್ಮ ಊರಿಗೆ ಬರೋಣ. ಲಿಂಗನಮಕ್ಕಿ ಅಣೆಕಟ್ಟಿನಿಂದ ಮೂರು ಕಡೆ ನೀರು ಆವರಿಸಿದ ತುಮರಿ ಭಾಗದ ಜನರು, ನಾಡಿಗೆ ಬೆಳಕು ಕೊಟ್ಟ ನದಿಯ ದಡದಲ್ಲಿದ್ದೂ ಬಹುಕಾಲ ಕತ್ತಲೆಯಲ್ಲಿ ದಿನ ಕಳೆದವರು. ಸಂಜೆ ಲಾಂಚ್ ನಿಂತೊಡನೆ ರಸ್ತೆಯ ಸಂಚಾರವೂ ನಿಲ್ಲುತ್ತಿದ್ದ ಕಾಲವೊಂದಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯು ಲೋಕಾರ್ಪಣೆಗೊಂಡ ಬಳಿಕ ರಾತ್ರಿಯೂ ವಾಹನಗಳು ಓಡಾಡಬಲ್ಲವು. ಬೀದಿದೀಪದ ಬೇಡಿಕೆ ಗ್ರಾಮಸಭೆಗಳಲ್ಲಿ ಹೆಚ್ಚುವುದು ಸ್ವಾಭಾವಿಕ. ಸೌರ ದೀಪವು ಇದಕ್ಕೆ ಸುಲಭ ಪರಿಹಾರವೆಂದು ತೋರಿದರೂ, ಮಳೆಗಾಲದಲ್ಲಿ ದಿನಗಟ್ಟಲೆ ಬಿಸಿಲು ಕಾಣದ ಈ ಸೀಮೆಯಲ್ಲಿ ಇಡೀ ರಾತ್ರಿ ಪೂರ್ಣ ಪ್ರಭೆಯಲ್ಲಿ ಉರಿಯುವ ದೀಪದ ಬ್ಯಾಟರಿಯು ಬೆಳಗಾಗುವ ಮುನ್ನವೇ ಬರಿದಾಗುತ್ತದೆ. ಜನರಿಲ್ಲದಾಗ ಮಂದವಾಗಿ, ಜನ ಬಂದಾಗ ಪೂರ್ಣವಾಗಿ ಬೆಳಗುವ ದೀಪವೇ ಇಲ್ಲಿ ಯೋಗ್ಯ.

ಆ ಬಿಳಿ ಬುರುಡೆಯಲ್ಲಿ ಜೇನುಗೂಡಿನಂತೆ ಕಾಣುವ ಪ್ರತಿಯೊಂದು ಕೋಶವೂ ಒಂದು ಪುಟ್ಟ ಫ್ರೆನೆಲ್ ಮಸೂರ. ಮನುಷ್ಯದೇಹದಿಂದ ಹೊರಡುವ, ಕಣ್ಣಿಗೆ ಕಾಣದ ಶಾಖಕಿರಣವನ್ನು ಅವು ಒಳಗಿನ ಸಂವೇದಕದ ಮೇಲೆ ಬೀಳಿಸುತ್ತವೆ. ನಡೆಯುವವನು ಒಂದು ಕೋಶದ ನೋಟದಿಂದ ಇನ್ನೊಂದರ ನೋಟಕ್ಕೆ ದಾಟಿದಾಗ ಶಾಖದಲ್ಲಿ ಏರಿಳಿತವಾಗುತ್ತದೆ. ದೀಪವು ಅದನ್ನರಿತು ಪ್ರಖರವಾಗುತ್ತದೆ. ಸಾಮಾನ್ಯ ಗಾಜು ಈ ಕಿರಣಗಳನ್ನು ಒಳಬಿಡದು. ಆದುದರಿಂದ ಒಡೆದ ಬುರುಡೆಯ ಬದಲು ಗಾಜನ್ನೋ ಕೈಗೆ ಸಿಕ್ಕ ಡಬ್ಬಿಯ ಮುಚ್ಚಳವನ್ನೋ ಅಂಟಿಸಿದರೆ ದುರಸ್ತಿಯಾದಂತಾಗದು. ಸಂವೇದಕದತ್ತ ನೇರವಾಗಿ ಬರುವವರಿಗಿಂತ ಅಡ್ಡ ಹಾಯುವವರನ್ನು ಅದು ಬೇಗ ಗುರುತಿಸುವುದರಿಂದ, ದೀಪದ ಮುಖವನ್ನು ರಸ್ತೆಯ ಉದ್ದಕ್ಕೆ ತಿರುಗಿಸದೆ ಅಡ್ಡಕ್ಕೆ ನಿಲ್ಲಿಸತಕ್ಕದ್ದು. ದನವೂ ನಾಯಿಯೂ ಹಾದರೆ ದೀಪ ಹತ್ತುತ್ತದೆ. ಅದನ್ನು ದೋಷವೆಂದು ದೂರುವುದು ಬೇಡ. ಎತ್ತರದ ಕಂಬಗಳ ಕೆಲವು ದೀಪಗಳಲ್ಲಿ ರೇಡಾರ್ ಸಂವೇದಕವಿದ್ದು ಅವಕ್ಕೆ ಈ ಮಸೂರವೇ ಬೇಕಿಲ್ಲ. ದರಪಟ್ಟಿ ಪಡೆಯುವಾಗ ಯಾವ ಬಗೆಯ ಸಂವೇದಕ, ಎಷ್ಟು ಎತ್ತರಕ್ಕೆ ಯೋಗ್ಯ ಎಂಬುದನ್ನು ಬರಹದಲ್ಲಿ ಕೇಳಿ, ಬಿಲ್ಲು ಪಾವತಿಗೆ ಮುನ್ನ ಕತ್ತಲಾದ ಮೇಲೆ ಒಮ್ಮೆ ಅದರಡಿ ನಡೆದು ನೋಡುವುದು ಉಚಿತ.

ಇದಕ್ಕಿಂತಲೂ ಅಲ್ಪವೆಚ್ಚದ ಉಪಯೋಗವೊಂದಿದೆ. ಪುಸ್ತಕದ ಪುಟದಷ್ಟಗಲದ ಪ್ಲಾಸ್ಟಿಕ್ ಹಾಳೆಯ ಮಸೂರವನ್ನು ಪಹಣಿಯ ಅಥವಾ ಸಭಾ ನಡವಳಿಯ ಮೇಲೆ ಕೊಂಚ ಎತ್ತರಿಸಿ ಹಿಡಿದರೆ ಇಡೀ ಸಾಲು ಒಮ್ಮೆಗೇ ದೊಡ್ಡದಾಗಿ ಕಾಣುತ್ತದೆ. ಉಂಗುರಗಳ ಅಂಚಿನಲ್ಲಿ ಬೆಳಕು ಚೆದುರುವುದರಿಂದ ಅಕ್ಷರಗಳು ಗಾಜಿನ ಮಸೂರದಷ್ಟು ಸ್ಫುಟವಾಗಿರವು. ಆದರೂ ಓದಲು ಸಾಕು. ಗ್ರಂಥಾಲಯದ ಮೇಜಿನ ಮೇಲೆ ಇಂತಹ ಎರಡು ಹಾಳೆಗಳಿದ್ದರೆ, ತನ್ನ ಜಮೀನಿನ ಕಾಗದವನ್ನು ಬೇರೆಯವರಿಂದ ಓದಿಸಿಕೊಳ್ಳುವ ಹಿರಿಯರು ಸ್ವತಃ ಓದಿಕೊಳ್ಳಬಲ್ಲರು. ದೃಷ್ಟಿದೋಷವುಳ್ಳವರಿಗೆ ನೀಡುವುದಾದರೆ ವಿಕಲಚೇತನರಿಗೆ ಮೀಸಲಾದ ಅನುದಾನದಲ್ಲಿ ಇದಕ್ಕೆ ಅವಕಾಶವುಂಟೇ ಎಂದು ಪಿಡಿಒ ಅವರೊಡನೆ ಚರ್ಚಿಸಬಹುದು. ಆದರೆ ಕಣ್ಣಿನ ಪೊರೆ ಬಂದವರಿಗೆ ಹಾಳೆ ಕೊಟ್ಟು ಸುಮ್ಮನಾಗುವುದು ತಪ್ಪು; ಅವರನ್ನು ಮೊದಲು ತಪಾಸಣೆಗೆ ಕಳುಹಿಸಬೇಕು.

ಒಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ. ಒಂದಡಿ ಉದ್ದಗಲದ ಹಾಳೆಯ ಮೇಲೆ ನಡುಹಗಲಿನಲ್ಲಿ ಬೀಳುವ ಬಿಸಿಲು ಸುಮಾರು 90 ವಾಟ್. ಅದೆಲ್ಲವೂ ಸಣ್ಣ ನಾಣ್ಯಕ್ಕಿಂತ ಕಿರಿದಾದ ಚುಕ್ಕೆಯಲ್ಲಿ ಸೇರಿದರೆ ಒಣ ಎಲೆಯು ಕ್ಷಣಮಾತ್ರದಲ್ಲಿ ಹೊತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕಿಟಕಿಯ ಬಳಿ ಮರೆತುಬಿಟ್ಟ ಹಾಳೆಯೊಂದು ಕಡತಕ್ಕೂ, ಜಗಲಿಯಲ್ಲಿಟ್ಟದ್ದು ಹುಲ್ಲಿನ ಬಣವೆಗೂ, ಮಕ್ಕಳು ಆಟಕ್ಕೊಯ್ದದ್ದು ಸೊಪ್ಪಿನ ಬೆಟ್ಟಕ್ಕೂ ಬೆಂಕಿಯಾದೀತು. ಅದರ ಮೂಲಕ ಸೂರ್ಯನನ್ನು ನೋಡಿದರೆ ಕಣ್ಣು ಶಾಶ್ವತವಾಗಿ ಹಾಳಾಗಬಹುದು. ಬಳಕೆ ಮುಗಿದೊಡನೆ ದಪ್ಪ ಕಾಗದದ ಲಕೋಟೆಯಲ್ಲಿರಿಸಿ ಬೀರುವಿನಲ್ಲಿಡಬೇಕು. ಧೂಳು ಕುಳಿತರೆ ತೆಳು ಸಾಬೂನು ನೀರು ಮತ್ತು ಮೆತ್ತನೆಯ ಬಟ್ಟೆ ಸಾಕು. ಬೂದಿಯಿಂದಾಗಲಿ ನಾರಿನಿಂದಾಗಲಿ ಉಜ್ಜಿದರೆ ಗೀರುಗಳು ಅಳಿಸಲಾಗದಂತೆ ಉಳಿಯುತ್ತವೆ.