ಕಳೆದುಹೋದ ಸುತ್ತಿಗೆ

ಇಂಗ್ಲೆಂಡಿನ ಪೂರ್ವಭಾಗದಲ್ಲಿರುವ ಸಫೋಕ್ ಪ್ರಾಂತದಲ್ಲಿ ಹಾಕ್ಸನ್ ಎಂಬುದೊಂದು ಗ್ರಾಮ. 1992ರಲ್ಲಿ ಅಲ್ಲಿಯ ರೈತನೊಬ್ಬನು ಹೊಲದಲ್ಲಿ ತನ್ನ ಸುತ್ತಿಗೆಯನ್ನು ಕಳೆದುಕೊಂಡನು. ಅದನ್ನು ಹುಡುಕಿಕೊಡುವಂತೆ ಗೆಳೆಯರಾದ ಎರಿಕ್ ಲಾಸ್ ಅವರನ್ನು ಕೇಳಿಕೊಂಡನು. ಕೆಲಸದಿಂದ ನಿವೃತ್ತರಾದಾಗ ಉಡುಗೊರೆಯಾಗಿ ಬಂದ ಲೋಹಶೋಧಕವೊಂದು ಲಾಸ್ ಅವರಲ್ಲಿತ್ತು.

ಲೋಹಶೋಧಕವೆಂದರೆ ಉದ್ದನೆಯ ಹಿಡಿಯ ತುದಿಗೆ ತಟ್ಟೆಯನ್ನು ಜೋಡಿಸಿದಂತಿರುವ ಉಪಕರಣ. ತಟ್ಟೆಯೊಳಗಿನ ತಂತಿಯ ಸುರುಳಿಯಲ್ಲಿ ವಿದ್ಯುತ್ತು ದಿಕ್ಕು ಬದಲಿಸುತ್ತ ಹರಿಯುವಾಗ ಸುತ್ತಲೂ ಕಾಂತಕ್ಷೇತ್ರವು ಏರ್ಪಡುತ್ತದೆ. ಅದರ ವ್ಯಾಪ್ತಿಯಲ್ಲಿ ಲೋಹವಿದ್ದರೆ ಆ ಲೋಹದಲ್ಲಿಯೂ ಸಣ್ಣ ವಿದ್ಯುತ್ಪ್ರವಾಹವು ಹುಟ್ಟುತ್ತದೆ. ಇದರಿಂದಾದ ವ್ಯತ್ಯಾಸವನ್ನು ಉಪಕರಣವು ಗುರುತಿಸಿ ಸದ್ದು ಮಾಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ನೆಲಬಾಂಬುಗಳನ್ನು ಪತ್ತೆಹಚ್ಚಿದ ಇಂತಹ ಉಪಕರಣವು ಮುಂದೆ ಜನಸಾಮಾನ್ಯರ ಹವ್ಯಾಸಕ್ಕೂ ಒದಗಿತು. ಹಳೆಯ ನಾಣ್ಯಗಳ ಆಸಕ್ತಿಯುಳ್ಳವರು ಉತ್ತ ಹೊಲಗಳಲ್ಲಿ ದಿನವಿಡೀ ನಡೆಯುವರು. ಬಹುಪಾಲು ದೊರೆಯುವುದು ತುಕ್ಕು ಹಿಡಿದ ಮೊಳೆ, ಮುರಿದ ಗುಂಡಿ, ಡಬ್ಬಿಯ ಮುಚ್ಚಳ! ಆದರೂ ಮರುವಾರ ಮತ್ತೆ ಹೊರಡುವರು. ತಾಳ್ಮೆಯಿಲ್ಲದವರಿಗೆ ಈ ಹವ್ಯಾಸ ಒಗ್ಗದು.

ನವೆಂಬರ್ 16ರಂದು ಲಾಸ್ ಅವರ ಉಪಕರಣವು ಸದ್ದು ಮಾಡಿತು. ಅಗೆದಾಗ ಸಿಕ್ಕಿದ್ದು ಸುತ್ತಿಗೆಯಲ್ಲ. ಬೆಳ್ಳಿಯ ಚಮಚಗಳು, ಚಿನ್ನದ ಒಡವೆಗಳು, ರಾಶಿ ನಾಣ್ಯಗಳು. ಇನ್ನಷ್ಟು ಅಗೆಯಬೇಕೆಂಬ ಆಸೆ ಯಾರಿಗಾದರೂ ಸಹಜ. ಲಾಸ್ ಅವರಾದರೋ ಅಲ್ಲಿಗೇ ಕೈ ತಡೆದರು. ಭೂಮಿಯ ಒಡೆತನ ಹೊಂದಿದ್ದ ಪ್ರಾಂತೀಯ ಆಡಳಿತಕ್ಕೂ ಪೊಲೀಸರಿಗೂ ವಿಷಯ ತಿಳಿಸಿದರು. ಮರುದಿನವೇ ಪುರಾತತ್ತ್ವಜ್ಞರು ಬಂದು ಉತ್ಖನನ ನಡೆಸಿದರು.

ಹದಿನಾಲ್ಕು ಸಾವಿರಕ್ಕೂ ಹೆಚ್ಚು ನಾಣ್ಯಗಳು, ಸುಮಾರು ಇನ್ನೂರು ಚಿನ್ನ ಬೆಳ್ಳಿಯ ವಸ್ತುಗಳು ಹೊರಬಂದವು. ಆದರೆ ದೊಡ್ಡ ಲಾಭ ಬೇರೆಯೇ ಇತ್ತು. ಮರದ ಪೆಟ್ಟಿಗೆಯು ಎಂದೋ ಮಣ್ಣಾಗಿದ್ದರೂ ವಸ್ತುಗಳು ಇಟ್ಟ ಕ್ರಮದಲ್ಲಿಯೇ ಉಳಿದಿದ್ದವು. ಯಾವುದನ್ನು ಯಾವುದರ ಜೊತೆಗೆ, ಎಷ್ಟು ಜೋಪಾನವಾಗಿ ಇಟ್ಟಿದ್ದರೆಂಬುದು ಅದರಿಂದ ತಿಳಿಯಿತು. ಬ್ರಿಟನ್ನಿನಲ್ಲಿ ರೋಮನರ ಆಳ್ವಿಕೆ ಕುಸಿಯುತ್ತಿದ್ದ ಐದನೆಯ ಶತಮಾನದ ಆರಂಭದಲ್ಲಿ, ಸಿರಿವಂತ ಮನೆತನವೊಂದರ ಸಂಪತ್ತು ಹೀಗೆ ನೆಲ ಸೇರಿತ್ತು. ಅದನ್ನು ಮರಳಿ ಒಯ್ಯಲು ಯಾರೂ ಬರಲಿಲ್ಲ. ಅದರಲ್ಲಿ ಕಾಳುಮೆಣಸಿನ ಪುಡಿಯನ್ನಿಡುವ ನಾಲ್ಕು ಬೆಳ್ಳಿಯ ಭರಣಿಗಳೂ ಇದ್ದವು. ರೋಮ್ ಸಾಮ್ರಾಜ್ಯಕ್ಕೆ ಕಾಳುಮೆಣಸು ಹಡಗೇರಿ ಹೋಗುತ್ತಿದ್ದುದು ಭಾರತದ ಪಶ್ಚಿಮ ಕರಾವಳಿಯಿಂದ!

ಎಲ್ಲ ಕಡೆಯೂ ಹೀಗಾಗಲಿಲ್ಲ. ಅದೇ ದೇಶದ ಸರ‍್ರೆ ಪ್ರಾಂತದ ವಾನ್‌ಬರೋ ಎಂಬಲ್ಲಿ ರೋಮನರ ಕಾಲದ ದೇವಾಲಯದ ನೆಲೆಯೊಂದಿತ್ತು. 1980ರ ದಶಕದಲ್ಲಿ ಅದರ ಸುಳಿವು ಹಬ್ಬಿದೊಡನೆ ನಿಧಿಗಳ್ಳರು ಇದೇ ಲೋಹಶೋಧಕಗಳನ್ನು ಹಿಡಿದು ರಾತ್ರಿಯ ವೇಳೆ ಬಂದರು. ಸಾವಿರಾರು ನಾಣ್ಯಗಳನ್ನು ಅಗೆದೊಯ್ದರು. ನಾಣ್ಯಗಳೇನೋ ಎಲ್ಲಿಯೋ ಮಾರಾಟವಾಗಿ ಉಳಿದಾವು. ಅವು ಹೇಳಬಹುದಾಗಿದ್ದ ಕಥೆ ಮಾತ್ರ ನಾಶವಾಯಿತು. ನೆಲವು ಇತಿಹಾಸದ ಹೊತ್ತಗೆಯಾದರೆ, ಕದ್ದು ತೋಡಿದ ಪ್ರತಿಯೊಂದು ಗುಂಡಿಯೂ ಅದರಿಂದ ಹರಿದುಹೋದ ಒಂದು ಹಾಳೆ. ಈ ಲೂಟಿಯು ಹುಟ್ಟಿಸಿದ ಕಳವಳವು 1996ರ ನಿಧಿ ಕಾಯಿದೆಗೆ ದಾರಿಮಾಡಿತು. ನಿಧಿ ದೊರೆತರೆ ಹದಿನಾಲ್ಕು ದಿನಗಳೊಳಗೆ ತಿಳಿಸಬೇಕೆಂದು ಅದು ವಿಧಿಸಿತು. ನಮ್ಮ ದೇಶದಲ್ಲಿಯೂ ನಿಧಿ ಸಿಕ್ಕಿದವರು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಿಂದೆಯೇ ರೂಪುಗೊಂಡಿತ್ತು.

ಹಾಕ್ಸನ್ ನಿಧಿಗೆ ಹದಿನೇಳೂವರೆ ಲಕ್ಷ ಪೌಂಡುಗಳ ಬಹುಮಾನ ದೊರೆಯಿತು. ಲಾಸ್ ಅದನ್ನು ರೈತನೊಡನೆ ಹಂಚಿಕೊಂಡರು. ಅಗೆಯಲು ತೋಳ್ಬಲ ಸಾಕು. ಅಗೆತವನ್ನು ನಿಲ್ಲಿಸಲು ವಿವೇಕ ಬೇಕು. ಆ ವಿವೇಕವೇ ಈ ಹವ್ಯಾಸಕ್ಕೆ ಘನತೆಯನ್ನು ತಂದಿತು.

ಕಳೆದುಹೋಗಿದ್ದ ಸುತ್ತಿಗೆಯೂ ಕಡೆಗೆ ಸಿಕ್ಕಿತು. ಚಿನ್ನ ಬೆಳ್ಳಿಯ ಆ ನಿಧಿಯೊಡನೆ ಅದೂ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.